ಆಟದ ನಡುವೆ ನಿಯಮ ಬದಲಾದರೆ...

ವ್ಯಾಪಾರದ ಪಾಠ ಹೇಳುವ ಬೋರ್ಡ್ ಆಟಗಳ ತಯಾರಕರಿಗೆ ಸುಂಕ ಸಮರ ಕಲಿಸಿದ ಪಾಠ

ಬಂಡವಾಳ ಹೂಡುವುದು, ಕಾರ್ಖಾನೆ ಕಟ್ಟುವುದು, ಸಾಲ ತೀರಿಸುವುದು, ಎದುರಾಳಿಯ ಮಾರುಕಟ್ಟೆಯನ್ನು ಕಸಿದುಕೊಳ್ಳುವುದು. ಇವೆಲ್ಲವನ್ನೂ ಊಟದ ಮೇಜಿನ ಮೇಲೆ ಎರಡು ಮೂರು ಗಂಟೆಗಳಲ್ಲಿ ಆಡಿ ಮುಗಿಸಬಹುದಾದ ಬೋರ್ಡ್ ಆಟಗಳಿಗೆ ಅಮೆರಿಕ ಮತ್ತು ಯುರೋಪಿನಲ್ಲಿ ದೊಡ್ಡ ಮಾರುಕಟ್ಟೆಯಿದೆ. ಇಂತಹ ಆಟಗಳನ್ನು ಪ್ರಕಟಿಸುವ ಅಮೆರಿಕದ ಸಣ್ಣ ಸಂಸ್ಥೆಗಳು 2025ರ ಏಪ್ರಿಲ್‌ನಲ್ಲಿ ತಮ್ಮದೇ ನಿಜವಾದ ವ್ಯಾಪಾರದಲ್ಲಿ ದಿಕ್ಕೆಟ್ಟು ನಿಂತವು. ಅವು ಎಡವಿದ್ದು ಲೆಕ್ಕಾಚಾರದಲ್ಲಲ್ಲ. ಸರಕು ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದಾಗಲೇ ಸರ್ಕಾರ ಆಟದ ನಿಯಮವನ್ನು ಬದಲಿಸಿಬಿಟ್ಟಿತ್ತು.

ಅಮೆರಿಕ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಚೀನಾದ ಸರಕುಗಳ ಮೇಲೆ ಹೇರಿದ ಸುಂಕದ ಸರಣಿ ಇಲ್ಲಿ ನೆನಪಿಸಿಕೊಳ್ಳತಕ್ಕದ್ದು. 2025ರ ಫೆಬ್ರುವರಿ 4ರಂದು ಶೇ 10. ಮಾರ್ಚ್ 4ರಂದು ಶೇ 20. ಏಪ್ರಿಲ್ 2ರ 'ವಿಮೋಚನಾ ದಿನ'ದ ಘೋಷಣೆಯ ಬಳಿಕ ಒಂದೇ ವಾರದಲ್ಲಿ ಅದು ಶೇ 145ಕ್ಕೆ ಏರಿತು. ಮೇ ತಿಂಗಳಲ್ಲಿ ಜಿನೀವಾ ಮಾತುಕತೆಯ ನಂತರ ಶೇ 30ಕ್ಕೆ ಇಳಿಯಿತು. ನವೆಂಬರ್‌ನಲ್ಲಿ ಶೇ 20ಕ್ಕೆ ಬಂತು. ಅದುವರೆಗೆ ಚೀನಾದಿಂದ ಅಮೆರಿಕಕ್ಕೆ ಬರುತ್ತಿದ್ದ ಬೋರ್ಡ್ ಆಟಗಳಿಗೆ ಸುಂಕವೇ ಇರಲಿಲ್ಲ ಎಂಬುದು ಗಮನಾರ್ಹ. ಅಂದರೆ ಶೂನ್ಯದಿಂದ ಶೇ 145ಕ್ಕೆ ಏರಲು ಬೇಕಾದದ್ದು ಎರಡೂವರೆ ತಿಂಗಳಿಗಿಂತಲೂ ಕಡಿಮೆ ಅವಧಿ.

ಈ ಪ್ರಸಂಗವನ್ನು ಆಟಿಕೆ ಉದ್ಯಮದ ಒಂದು ಮೂಲೆಯ ಗೋಳು ಎಂದು ಬದಿಗಿಡುವಂತಿಲ್ಲ. ಉದ್ಯಮಿಗೆ ಸರ್ಕಾರದಿಂದ ಮೊದಲು ಬೇಕಾದದ್ದು ಸಹಾಯಧನವೋ, ರಕ್ಷಣೆಯೋ ಅಥವಾ ಸ್ಥಿರವಾದ ನಿಯಮವೋ ಎಂಬ ಹಳೆಯ ಪ್ರಶ್ನೆಗೆ ಇಲ್ಲಿ ಹೊಸ ಉತ್ತರವೊಂದು ದೊರೆಯುತ್ತದೆ. ಚೋದ್ಯವೆಂದರೆ, ಆ ಉತ್ತರ ಈ ಆಟಗಳ ಒಳಗೇ ಇದೆ.

ಹತ್ತು ಡಾಲರಿನ ಸರಕು, ಹದಿನಾಲ್ಕೂವರೆ ಡಾಲರಿನ ಸುಂಕ

ಅಮೆರಿಕದ ಸೇಂಟ್ ಲೂಯಿಸ್‌ನ ಸ್ಟೋನ್‌ಮೇಯರ್ ಗೇಮ್ಸ್ ಸಂಸ್ಥೆಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಇಟಲಿಯ ಟಸ್ಕನಿಯಲ್ಲಿ ದ್ರಾಕ್ಷಿ ತೋಟ ಬೆಳೆಸಿ, ದ್ರಾಕ್ಷಾರಸ ತಯಾರಿಸಿ, ಮಾರುಕಟ್ಟೆಗೆ ಒಯ್ಯುವ 'ವಿಟಿಕಲ್ಚರ್' ಎಂಬ ಆಟದಿಂದ 2013ರಲ್ಲಿ ಹೆಸರು ಮಾಡಿದ ಸಂಸ್ಥೆ ಇದು. ಹಕ್ಕಿಗಳ ಕುರಿತಾದ ಇದರ 'ವಿಂಗ್‌ಸ್ಪ್ಯಾನ್' ಆಟ 2019ರಿಂದ ಜಗತ್ತಿನಾದ್ಯಂತ ಮಾರಾಟವಾಗಿದೆ. ಸಂಸ್ಥೆಯ ಮುಖ್ಯಸ್ಥ ಜೇಮಿ ಸ್ಟೆಗ್‌ಮೇಯರ್ 2025ರ ಏಪ್ರಿಲ್‌ನಲ್ಲಿ ತಮ್ಮ ಲೆಕ್ಕವನ್ನು ಬಹಿರಂಗಪಡಿಸಿದರು. ಚೀನಾದಲ್ಲಿ ಆಗ ತಯಾರಿಕೆಯ ಹಂತದಲ್ಲಿದ್ದ ಅವರ ಆಟಗಳ ಸಂಖ್ಯೆ ಸುಮಾರು 2.5 ಲಕ್ಷ. ತಯಾರಿಕೆಗೆ ಕೊಡುವ ಪ್ರತಿ 10 ಡಾಲರಿಗೆ ಕಟ್ಟಬೇಕಾದ ಸುಂಕ 14.50 ಡಾಲರ್. ಒಟ್ಟು ಹೊರೆ 15 ಲಕ್ಷ ಡಾಲರಿನ ಸಮೀಪ.

ಈ ಅಂಕಿಯ ತೂಕ ತಿಳಿಯಬೇಕಾದರೆ ಬೋರ್ಡ್ ಆಟದ ಅರ್ಥವ್ಯವಸ್ಥೆಯನ್ನು ಸ್ವಲ್ಪ ನೋಡಬೇಕು. ಅಂಗಡಿಯಲ್ಲಿ 50 ಡಾಲರಿಗೆ ಮಾರುವ ಒಂದು ಆಟವಿದೆ ಎಂದಿಟ್ಟುಕೊಳ್ಳೋಣ. ಅದನ್ನು ತಯಾರಿಸಲು ತಗಲುವ ವೆಚ್ಚ ಸುಮಾರು 10 ಡಾಲರ್. ಸಗಟು ವಿತರಕನಿಂದ ಪ್ರಕಾಶಕನಿಗೆ ಸಿಗುವುದು ಅಂಗಡಿ ಬೆಲೆಯ ಶೇ 40ರ ಆಸುಪಾಸು, ಅಂದರೆ 20 ಡಾಲರ್. ಉಳಿದ 10 ಡಾಲರಿನಲ್ಲಿ ಹಡಗಿನ ಬಾಡಿಗೆ, ಗೋದಾಮು, ಚಿತ್ರಕಾರನ ಸಂಭಾವನೆ, ಆಟ ರೂಪಿಸಿದವನ ಗೌರವಧನ, ನೌಕರರ ಸಂಬಳ, ಜಾಹೀರಾತು ಎಲ್ಲವೂ ನಡೆಯಬೇಕು. ಸುಂಕ ಶೇ 10 ಆದರೆ ಒಂದು ಡಾಲರ್ ಹೋಗುತ್ತದೆ, ಸಹಿಸಬಹುದು. ಶೇ 30 ಆದರೆ ಮೂರು ಡಾಲರ್, ಲಾಭ ಬಹುತೇಕ ಕರಗುತ್ತದೆ. ಶೇ 145 ಆದರೆ ಹದಿನಾಲ್ಕೂವರೆ ಡಾಲರ್. ಆಗ ಪ್ರತಿ ಪೆಟ್ಟಿಗೆಯೂ ಮಾರಾಟಕ್ಕೆ ಮೊದಲೇ ನಷ್ಟದ ಬಾಬ್ತು.

ಸುಂಕ ಕಟ್ಟುವವನು ಚೀನಾದ ಕಾರ್ಖಾನೆಯವನಲ್ಲ, ಸರಕು ಬಂದರಿಗೆ ಬಂದಾಗ ಬಿಡಿಸಿಕೊಳ್ಳುವ ಅಮೆರಿಕದ ಆಮದುದಾರ ಎಂಬುದನ್ನೂ ಮರೆಯುವಂತಿಲ್ಲ. ಬೋರ್ಡ್ ಆಟಗಳಲ್ಲಿ ಇನ್ನೂ ಒಂದು ತೊಡಕಿದೆ. ಅನೇಕ ಸಣ್ಣ ಪ್ರಕಾಶಕರು 'ಕಿಕ್‌ಸ್ಟಾರ್ಟರ್'ನಂತಹ ತಾಣಗಳ ಮೂಲಕ ಗ್ರಾಹಕರಿಂದ ಮುಂಗಡ ಹಣ ಪಡೆದು, ಒಂದೆರಡು ವರ್ಷಗಳ ಬಳಿಕ ಆಟವನ್ನು ತಲುಪಿಸುತ್ತಾರೆ. ಬೆಲೆ ನಿಗದಿಯಾದದ್ದು ಸುಂಕವಿಲ್ಲದ ಕಾಲದಲ್ಲಿ. ಹಣ ಅದಾಗಲೇ ಅಚ್ಚು, ಮುದ್ರಣ, ಕಾಗದಕ್ಕೆ ಖರ್ಚಾಗಿರುತ್ತದೆ. ನಡುವೆ ಸುಂಕ ಬಂದರೆ ಅದನ್ನು ಯಾರಿಂದ ವಸೂಲು ಮಾಡುವುದು? ಗ್ರಾಹಕನ ಬಳಿ ಮತ್ತೆ ಕೈಚಾಚಬೇಕು ಅಥವಾ ಮನೆ ಅಡವಿಡಬೇಕು.

'ಸ್ಪಿರಿಟ್ ಐಲ್ಯಾಂಡ್' ಆಟದ ಪ್ರಕಾಶಕ ಸಂಸ್ಥೆ ಗ್ರೇಟರ್ ದ್ಯಾನ್ ಗೇಮ್ಸ್‌ನ ಬಹುಪಾಲು ಸಿಬ್ಬಂದಿಯನ್ನು ಅದೇ ಏಪ್ರಿಲ್‌ನಲ್ಲಿ ಮನೆಗೆ ಕಳಿಸಲಾಯಿತು. ಅದಕ್ಕೆ ಸುಂಕದ ಕಾರಣವನ್ನು ನೀಡಲಾಗಿತ್ತು. ಏಷ್ಯಾ ಮೂಲದ ದೊಡ್ಡ ಪ್ರಕಾಶಕ ಸಿಎಂಒಎನ್ ಹೊಸ ಆಟಗಳ ಅಭಿವೃದ್ಧಿಯನ್ನೇ ತಡೆಹಿಡಿಯಿತು. ಸ್ಟೋನ್‌ಮೇಯರ್ ಇನ್ನಿತರ ಸಣ್ಣ ಸಂಸ್ಥೆಗಳೊಡನೆ ಸೇರಿ ಸರ್ಕಾರದ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿತು.

ಮೇಜಿನ ಮೇಲಿನ ವ್ಯಾಪಾರ ಹೇಳುವುದೇನು?

ನಮ್ಮ ನಗರಗಳ ಮಧ್ಯಮ ವರ್ಗದ ಮನೆಗಳಿಗೆ 'ಬಿಸಿನೆಸ್' ಅಥವಾ 'ವ್ಯಾಪಾರ' ಎಂಬ ಹೆಸರಿನ ಆಟ ಹೊಸದೇನಲ್ಲ. ಬೇಸಿಗೆ ರಜೆಯಲ್ಲಿ ದಾಳ ಉರುಳಿಸಿ ಜಾಗ ಕೊಂಡು, ಮನೆ ಕಟ್ಟಿ, ಬಾಡಿಗೆ ವಸೂಲು ಮಾಡುವ ಈ ಆಟದ ಮೂಲ 'ಮೊನಾಪಲಿ'. ಅದರಲ್ಲಿ ವ್ಯಾಪಾರಕ್ಕಿಂತ ಅದೃಷ್ಟದ ಪಾತ್ರವೇ ದೊಡ್ಡದು. ಆದರೆ ಕಳೆದ ಐದಾರು ದಶಕಗಳಲ್ಲಿ ಬಂದ ವ್ಯಾಪಾರದ ಆಟಗಳು ಬೇರೆಯೇ ಜಾತಿಯವು. ದಾಳದ ಸ್ಥಾನದಲ್ಲಿ ಅಲ್ಲಿ ಲೆಕ್ಕ ಕುಳಿತಿದೆ.

ಬ್ರಿಟನ್ನಿನ ಫ್ರಾನ್ಸಿಸ್ ಟ್ರೆಶಾಮ್ ರೂಪಿಸಿ 1986ರಲ್ಲಿ ಪ್ರಕಟವಾದ '1830' ಎಂಬ ರೈಲ್ವೆ ಆಟ ಇವುಗಳಲ್ಲಿ ಅತ್ಯಂತ ಕಠಿಣವಾದದ್ದು ಎಂದರೆ ತಪ್ಪಾಗಲಾರದು. ಇಲ್ಲಿ ಆಟಗಾರ ಕಂಪನಿಯ ಮಾಲೀಕನಲ್ಲ, ಷೇರುದಾರ. ಅವನ ಜೇಬು ಬೇರೆ, ಕಂಪನಿಯ ಖಜಾನೆ ಬೇರೆ. ಹೆಚ್ಚು ಷೇರು ಹೊಂದಿದವನು ಅಧ್ಯಕ್ಷನಾಗುತ್ತಾನೆ. ಲಾಭವನ್ನು ಹಂಚಿದರೆ ಷೇರು ಬೆಲೆ ಏರುತ್ತದೆ, ಖಜಾನೆಯಲ್ಲಿ ಉಳಿಸಿಕೊಂಡರೆ ಇಳಿಯುತ್ತದೆ. ದುರಾಸೆಯ ಅಧ್ಯಕ್ಷ ಒಂದು ಕಂಪನಿಯ ಹಣದಿಂದ ತನ್ನದೇ ಇನ್ನೊಂದು ಕಂಪನಿಯ ಹಳೆಯ ರೈಲನ್ನು ದುಬಾರಿ ಬೆಲೆಗೆ ಕೊಂಡು, ಬರಿದಾದ ಕಂಪನಿಯನ್ನು ಬೇರೆಯವರ ಕೊರಳಿಗೆ ಕಟ್ಟಬಹುದು. 2008ರ ಡಿಸೆಂಬರ್‌ನಲ್ಲಿ ಸತ್ಯಂ ಕಂಪ್ಯೂಟರ್ಸ್‌ನ ಹಣದಿಂದ ಪ್ರವರ್ತಕರ ಕುಟುಂಬದ ಮೇತಾಸ್ ಕಂಪನಿಗಳನ್ನು ಕೊಳ್ಳುವ ಪ್ರಸ್ತಾಪ ಬಂದಾಗ ಷೇರುದಾರರು ಏಕೆ ಸಿಡಿದೆದ್ದರು ಎಂಬುದು ಈ ಆಟ ಆಡಿದವರಿಗೆ ವಿವರಿಸದೆಯೇ ಅರ್ಥವಾಗುತ್ತದೆ.

'1830'ರ ನಿಜವಾದ ಹೊಡೆತ ಇರುವುದು ರೈಲುಗಳ ಆಯುಷ್ಯದಲ್ಲಿ. ಮೊದಲ ದರ್ಜೆಯ ರೈಲುಗಳು ಆರು, ಎರಡನೆಯದು ಐದು, ಮೂರನೆಯದು ನಾಲ್ಕು. ಮೂರನೆಯ ದರ್ಜೆಯ ಮೊದಲ ರೈಲನ್ನು ಯಾರೇ ಕೊಂಡರೂ ಆ ಕ್ಷಣವೇ ಮೊದಲ ದರ್ಜೆಯ ರೈಲುಗಳೆಲ್ಲವೂ ತುಕ್ಕು ಹಿಡಿದ ಗುಜರಿ. ನಿನ್ನೆಯವರೆಗೆ ಆದಾಯ ತರುತ್ತಿದ್ದ ಕಂಪನಿಯ ಬಳಿ ಇಂದು ರೈಲೇ ಇಲ್ಲ. ಹೊಸದನ್ನು ಕೊಳ್ಳಲು ಖಜಾನೆಯಲ್ಲಿ ಹಣವಿಲ್ಲದಿದ್ದರೆ ಅಧ್ಯಕ್ಷ ಸ್ವಂತ ಜೇಬಿನಿಂದ ತುಂಬಬೇಕು. ಅದೂ ಆಗದಿದ್ದರೆ ಆತ ದಿವಾಳಿ, ಆಟವೂ ಮುಕ್ತಾಯ.

ಜರ್ಮನಿಯ ಫ್ರೀಡೆಮನ್ ಫ್ರೀಸ್ ರೂಪಿಸಿದ 'ಪವರ್ ಗ್ರಿಡ್' ವಿದ್ಯುತ್ ಕಂಪನಿ ನಡೆಸುವ ಆಟ. 2004ರಲ್ಲಿ ಈ ರೂಪದಲ್ಲಿ ಬಂತು. ಸ್ಥಾವರಗಳನ್ನು ಹರಾಜಿನಲ್ಲಿ ಕೊಳ್ಳಬೇಕು. ಕಲ್ಲಿದ್ದಲು, ತೈಲ, ಕಸ, ಯುರೇನಿಯಂ ಇವುಗಳಲ್ಲಿ ಸ್ಥಾವರಕ್ಕೆ ಬೇಕಾದ ಇಂಧನವನ್ನು ಮಾರುಕಟ್ಟೆಯಿಂದ ತರಬೇಕು. ಎಲ್ಲರೂ ಕಲ್ಲಿದ್ದಲಿನ ಬೆನ್ನು ಹತ್ತಿದರೆ ಅದರ ಬೆಲೆ ಎಲ್ಲರ ಕಣ್ಣೆದುರೇ ಏರುತ್ತದೆ. ಮುಂದಿರುವವನು ಇಂಧನ ಕೊಳ್ಳುವಾಗ ಕೊನೆಯವನಾಗಬೇಕು ಎಂಬ ನಿಯಮವೂ ಉಂಟು. ಹೀಗಾಗಿ ಬೇಗ ಬೆಳೆದವನಿಗೆ ದುಬಾರಿ ಕಲ್ಲಿದ್ದಲೇ ಗತಿ. ಕೈಗಾರಿಕಾ ಕ್ರಾಂತಿಯ ಇಂಗ್ಲೆಂಡನ್ನು ಹಾಸಿನ ಮೇಲೆ ತರುವ, ಮಾರ್ಟಿನ್ ವ್ಯಾಲೇಸ್ ಅವರ 2007ರ 'ಬ್ರಾಸ್' ಆಟದಲ್ಲಿ ಅರ್ಧ ದಾರಿಯಲ್ಲಿ ಕಾಲುವೆಗಳ ಯುಗ ಮುಗಿದು ರೈಲಿನ ಯುಗ ಶುರುವಾಗುತ್ತದೆ. ಬೆವರು ಸುರಿಸಿ ಕಟ್ಟಿದ ಕಾಲುವೆಗಳನ್ನೆಲ್ಲ ಆಟದಿಂದ ತೆಗೆದುಹಾಕಲಾಗುತ್ತದೆ.

ನೆದರ್ಲೆಂಡ್ಸ್‌ನ ಸ್ಪ್ಲಾಟರ್ ಸಂಸ್ಥೆ 2015ರಲ್ಲಿ ತಂದ 'ಫುಡ್ ಚೈನ್ ಮ್ಯಾಗ್ನೇಟ್' ಇನ್ನೂ ನಿಷ್ಕರುಣಿ. ಫಾಸ್ಟ್‌ಫುಡ್ ಮಳಿಗೆ ನಡೆಸುವ ಈ ಆಟದಲ್ಲಿ ನೀವು ಹಣ ಸುರಿದು ಜಾಹೀರಾತು ಮಾಡಿ ಬರ್ಗರ್‌ಗೆ ಬೇಡಿಕೆ ಸೃಷ್ಟಿಸಿದರೆ, ಪಕ್ಕದ ಬೀದಿಯವನು ಅದನ್ನೇ ಅಗ್ಗವಾಗಿ ಮಾರಿ ಗಿರಾಕಿಯನ್ನು ಒಯ್ಯಬಹುದು. ಮೊದಲ ಕೆಲವು ಸುತ್ತುಗಳಲ್ಲಿ ಎಡವಿದವನಿಗೆ ಆಟ ಕೈ ಹಿಡಿದು ಎತ್ತುವುದಿಲ್ಲ.

ಅಪಾಯ ಬೇರೆ, ಅನಿಶ್ಚಿತತೆ ಬೇರೆ

ಇಷ್ಟೊಂದು ಕ್ರೂರವಾದ ಆಟಗಳನ್ನು ಜನ ಹಣ ಕೊಟ್ಟು ಆಡುವುದೇಕೆ? ಉತ್ತರ ಸರಳ. ಹೊಡೆತ ಎಷ್ಟೇ ಜೋರಾಗಿರಲಿ, ಅದು ಬರುವ ದಾರಿ ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ. '1830'ರ ರೈಲುಗಳು ತುಕ್ಕು ಹಿಡಿಯುವುದು ಯಾವಾಗ ಎಂಬುದು ನಿಯಮ ಪುಸ್ತಕದಲ್ಲಿ ಅಚ್ಚಾಗಿದೆ. ಎಷ್ಟು ರೈಲು ಉಳಿದಿವೆ ಎಂದು ಯಾರು ಬೇಕಾದರೂ ಎಣಿಸಬಹುದು. 'ಬ್ರಾಸ್'ನ ಕಾಲುವೆ ಅರ್ಧಕ್ಕೆ ಮುಗಿಯುತ್ತದೆ ಎಂದು ಮೊದಲ ಕಾಲುವೆ ತೋಡುವಾಗಲೇ ತಿಳಿದಿರುತ್ತದೆ. ಸೋತವನು ಎದುರಾಳಿಯನ್ನು ಶಪಿಸಬಹುದು, ತನ್ನ ಬುದ್ಧಿಯನ್ನು ಹಳಿಯಬಹುದು. ಆದರೆ ಮೋಸವಾಯಿತು ಎನ್ನುವಂತಿಲ್ಲ.

ಅಮೆರಿಕದ ಅರ್ಥಶಾಸ್ತ್ರಜ್ಞ ಫ್ರಾಂಕ್ ನೈಟ್ 1921ರಲ್ಲೇ ಈ ವ್ಯತ್ಯಾಸವನ್ನು ಗುರುತಿಸಿದ್ದರು. ಅಳೆಯಲು ಬರುವುದು ಅಪಾಯ, ಅಳತೆಗೇ ಸಿಗದಿರುವುದು ಅನಿಶ್ಚಿತತೆ. ಬೆಂಕಿ ಬೀಳುವ ಅಪಾಯಕ್ಕೆ ವಿಮೆ ಮಾಡಿಸಬಹುದು. ಡಾಲರ್ ಬೆಲೆ ಏರಿಳಿತಕ್ಕೆ ಮುಂಗಡ ಒಪ್ಪಂದ ಮಾಡಿಕೊಳ್ಳಬಹುದು. ಹತ್ತು ವಾರಗಳಲ್ಲಿ ಶೂನ್ಯದಿಂದ 145ಕ್ಕೆ ಏರಿ, ಮುಂದಿನ ಐದು ವಾರಗಳಲ್ಲಿ 30ಕ್ಕೆ ಇಳಿಯುವ ಸುಂಕಕ್ಕೆ ಯಾವ ವಿಮೆ? ಏಪ್ರಿಲ್‌ನಲ್ಲಿ ಹೆದರಿ ಸರಕನ್ನು ಚೀನಾದ ಗೋದಾಮಿನಲ್ಲೇ ಉಳಿಸಿ ಬಾಡಿಗೆ ಕಟ್ಟಿದವನೂ ಕಳೆದುಕೊಂಡ, ಧೈರ್ಯ ಮಾಡಿ ತರಿಸಿ ಪೂರ್ಣ ಸುಂಕ ಕಟ್ಟಿದವನೂ ಕಳೆದುಕೊಂಡ. ಜಾಣತನಕ್ಕೂ ಮೂರ್ಖತನಕ್ಕೂ ಒಂದೇ ಫಲ ಸಿಗುವಲ್ಲಿ ಲೆಕ್ಕಾಚಾರಕ್ಕೆ ಅರ್ಥವೇ ಉಳಿಯುವುದಿಲ್ಲ.

ಅಮೆರಿಕದಲ್ಲೇ ತಯಾರಿಸಿರಿ ಎಂಬುದು ಸುಂಕದ ಸಮರ್ಥಕರ ಉತ್ತರ. ಅದರಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಒಂದು ಆಧುನಿಕ ಬೋರ್ಡ್ ಆಟದ ಪೆಟ್ಟಿಗೆಯಲ್ಲಿ ದಪ್ಪ ರಟ್ಟಿನ ಹಾಸು, ನೂರಾರು ಕಾರ್ಡು, ಬಣ್ಣದ ಮರದ ಕಾಯಿಗಳು, ವಿಶೇಷ ದಾಳಗಳು, ಅಚ್ಚಿನ ಪ್ಲಾಸ್ಟಿಕ್ ಗೊಂಬೆಗಳು, ಅವನ್ನೆಲ್ಲ ಜೋಡಿಸಿಡುವ ತಟ್ಟೆ ಎಲ್ಲವೂ ಇರುತ್ತವೆ. ಇವಿಷ್ಟನ್ನೂ ಒಂದೇ ಸೂರಿನಡಿ ಮಾಡುವ ಕೌಶಲವನ್ನು ಚೀನಾದ ಕಾರ್ಖಾನೆಗಳು ವರ್ಷಾನುಗಟ್ಟಲೆ ದುಡಿದು ಸಂಪಾದಿಸಿವೆ. ಅಂತಹ ಕಾರ್ಖಾನೆಯನ್ನು ಬೇರೆಡೆ ಕಟ್ಟಲು ವರ್ಷಗಳು ಬೇಕು, ಹೂಡಿದ ಹಣ ಮರಳಲು ಇನ್ನಷ್ಟು ವರ್ಷಗಳು. ಮುಂದಿನ ತಿಂಗಳ ಸುಂಕವೇ ತಿಳಿಯದಿರುವಾಗ ಹತ್ತು ವರ್ಷದ ಹೂಡಿಕೆಗೆ ಯಾರು ಕೈ ಹಾಕಿಯಾರು? ದೇಶಿ ಉದ್ಯಮವನ್ನು ಬೆಳೆಸಲು ಬಂದ ಸುಂಕ ತನ್ನ ಚಂಚಲತೆಯಿಂದಲೇ ಅದರ ಬೇರಿಗೆ ಬಿಸಿನೀರು ಎರೆಯಿತು.

ಕೊನೆಗೆ ಅಮೆರಿಕದ ಸುಪ್ರೀಂ ಕೋರ್ಟು 2026ರ ಫೆಬ್ರುವರಿ 20ರಂದು, ತುರ್ತು ಅಧಿಕಾರದ ಕಾಯ್ದೆ ಅಧ್ಯಕ್ಷರಿಗೆ ಸುಂಕ ಹೇರುವ ಅಧಿಕಾರ ಕೊಡುವುದಿಲ್ಲ ಎಂದು 6-3ರ ಬಹುಮತದಿಂದ ತೀರ್ಪಿತ್ತಿತು. ಆ ಮೊಕದ್ದಮೆಯ ಮುಂಚೂಣಿಯಲ್ಲಿದ್ದುದು ಇಲಿನಾಯ್‌ನ ಲರ್ನಿಂಗ್ ರಿಸೋರ್ಸಸ್ ಎಂಬ ಶೈಕ್ಷಣಿಕ ಆಟಿಕೆಗಳ ಕಂಪನಿ ಎಂಬುದು ವಿಶೇಷ. ತೀರ್ಪಿನ ಬೆನ್ನಲ್ಲೇ ಅಧ್ಯಕ್ಷರು 1974ರ ವ್ಯಾಪಾರ ಕಾಯ್ದೆಯ ಮತ್ತೊಂದು ವಿಧಿಯನ್ನು ಹಿಡಿದು ಹೊಸ ಸುಂಕ ಘೋಷಿಸಿದರು. ಆ ವಿಧಿಗೆ ಸಂಸತ್ತಿನ ಒಪ್ಪಿಗೆ ಇಲ್ಲದೆ 150 ದಿನಗಳಷ್ಟೇ ಆಯುಷ್ಯ. ಒಂದು ಅನಿಶ್ಚಿತತೆ ಮುಗಿಯುವಷ್ಟರಲ್ಲಿ ಮತ್ತೊಂದು ಹುಟ್ಟಿಕೊಂಡಿತು.

ನಮ್ಮ ಅಂಗಳದಲ್ಲೂ...

ದೂರದ ದೇಶದ ಈ ಕಥೆಯನ್ನು ಓದಿ ನಗುವ ಮುನ್ನ ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕು. 2020ರ ಫೆಬ್ರುವರಿ 1ರ ಕೇಂದ್ರ ಬಜೆಟ್‌ನಲ್ಲಿ ಆಟಿಕೆಗಳ ಆಮದು ಸುಂಕವನ್ನು ಶೇ 20ರಿಂದ ಶೇ 60ಕ್ಕೆ ಏರಿಸಲಾಯಿತು. ಏರಿಕೆ ಮಾರನೆಯ ದಿನವೇ ಜಾರಿಗೆ ಬಂತು. ಸಮುದ್ರದ ಮೇಲಿದ್ದ ಸರಕಿಗೂ ವಿನಾಯಿತಿ ಇರಲಿಲ್ಲ. 2023ರ ಬಜೆಟ್‌ನಲ್ಲಿ ಅದು ಶೇ 70 ಆಯಿತು. ಬೋರ್ಡ್ ಆಟಗಳು ಸುಂಕ ಪಟ್ಟಿಯಲ್ಲಿ ಬೇರೆ ಶೀರ್ಷಿಕೆಯಡಿ ಬರುವುದರಿಂದ ಈ ಏರಿಕೆಗೆ ನೇರವಾಗಿ ಸಿಕ್ಕಲಿಲ್ಲ. ಆದರೆ ಗೊಂಬೆ ವ್ಯಾಪಾರಿಗಳು ಅನುಭವಿಸಿದ್ದು ಅಮೆರಿಕದ ಪ್ರಕಾಶಕರು ಐದು ವರ್ಷಗಳ ಬಳಿಕ ಕಂಡ ಆಘಾತದ್ದೇ ಕಿರು ಆವೃತ್ತಿ.

ವ್ಯತ್ಯಾಸವೂ ಇದೆ. ಭಾರತದ ಸುಂಕ ಏರಿತು, ಏರಿದಲ್ಲಿಯೇ ನಿಂತಿತು. ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ 2020ರಲ್ಲಿ ಹೊರಬಿದ್ದರೂ ಜಾರಿಯಾದದ್ದು 2021ರ ಜನವರಿ 1ರಿಂದ. ತಯಾರಕರಿಗೆ ಸಿದ್ಧತೆಗೆ ಸಮಯ ಸಿಕ್ಕಿತು. ಸರ್ಕಾರಿ ಅಂಕಿ ಅಂಶಗಳ ಪ್ರಕಾರ 2014-15ರಲ್ಲಿ ಸುಮಾರು 33.2 ಕೋಟಿ ಡಾಲರ್ ಇದ್ದ ಆಟಿಕೆ ಆಮದು 2022-23ರಲ್ಲಿ ಸುಮಾರು 15.9 ಕೋಟಿ ಡಾಲರಿಗೆ ಇಳಿಯಿತು. ರಫ್ತು ಸುಮಾರು 9.6 ಕೋಟಿಯಿಂದ 32.6 ಕೋಟಿ ಡಾಲರಿಗೆ ಏರಿತು. ಕೊಪ್ಪಳದ ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕ್ಲಸ್ಟರ್‌ಗೆ ಅಂದಿನ ಮುಖ್ಯಮಂತ್ರಿ ಬಿ.ಎಸ್.ಯಡಿಯೂರಪ್ಪ 2021ರ ಜನವರಿಯಲ್ಲಿ ಶಂಕುಸ್ಥಾಪನೆ ಮಾಡಿದ್ದು ಇದೇ ಹಿನ್ನೆಲೆಯಲ್ಲಿ. ಹೆಚ್ಚಿನ ಸುಂಕ ಗ್ರಾಹಕನಿಗೆ ಒಳಿತೇ ಎಂಬುದು ಚರ್ಚೆಯ ವಿಷಯ. ಆದರೆ ಹೂಡಿಕೆದಾರನಿಗೆ ಲೆಕ್ಕ ಹಾಕಲು ಒಂದು ಗಟ್ಟಿ ಅಂಕಿಯಾದರೂ ಸಿಕ್ಕಿತು ಎಂಬುದನ್ನು ಅಲ್ಲಗಳೆಯಲಾಗದು.

ಚೀನಾಕ್ಕೆ ಪೆಟ್ಟು ಬಿದ್ದರೆ ನಮಗೆ ಲಾಭ ಎಂಬ ಮಾತು 2025ರ ಏಪ್ರಿಲ್‌ನಲ್ಲಿ ಇಲ್ಲಿ ಬಹಳವಾಗಿ ಕೇಳಿಬಂತು. ಆ ಲೆಕ್ಕ ನಾಲ್ಕೇ ತಿಂಗಳಲ್ಲಿ ತಲೆಕೆಳಗಾಯಿತು. ಆಗಸ್ಟ್ 27ರಿಂದ ಭಾರತದ ಸರಕಿನ ಮೇಲೆ ಅಮೆರಿಕ ಶೇ 50 ಸುಂಕ ಹೇರಿದಾಗ ಚೀನಾದ ಆಟಿಕೆಯ ಮೇಲಿದ್ದದ್ದು ಶೇ 30. ಬಳಿಕ ಅದು ಇಳಿಯಿತಾದರೂ ಚೀನಾದ ಬದಲು ಭಾರತದತ್ತ ಮುಖ ಮಾಡಿದ್ದ ಖರೀದಿದಾರ ಹೊಸ ಅಚ್ಚು ಮಾಡಿಸುವ ಮುನ್ನ ಎರಡು ಬಾರಿ ಯೋಚಿಸುವಂತಾಯಿತು. ಎದುರಾಳಿಯ ಮನೆಯ ಮೇಲೆ ಬಿದ್ದ ಸಿಡಿಲು ನಮ್ಮ ಮನೆಯನ್ನು ಬಿಟ್ಟೀತೆಂದು ನಂಬಿ ಕಾರ್ಖಾನೆ ಕಟ್ಟಲಾಗದು.

ತೆರಿಗೆ ಬದಲಾಯಿಸುವ ಸಭ್ಯ ಕ್ರಮಕ್ಕೂ ಉದಾಹರಣೆ ಇಲ್ಲದಿಲ್ಲ. ಚದುರಂಗ, ಕೇರಂ, ಲೂಡೊ ಮೊದಲಾದ ಬೋರ್ಡ್ ಆಟಗಳ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದದ್ದು 2025ರ ಸೆಪ್ಟೆಂಬರ್ 22ರಿಂದ. ಮಂಡಳಿ ತೀರ್ಮಾನಿಸಿದ್ದು ಸೆಪ್ಟೆಂಬರ್ 3ರಂದು. ನಡುವಿನ ಅವಧಿ ಕಿರಿದೇ. ಆದರೂ ದಿನಾಂಕ, ದರ ಎರಡೂ ಮೊದಲೇ ತಿಳಿದಿದ್ದವು.

ಎರಡು ನಿಯಮ ಪುಸ್ತಕಗಳ ಆಟ

ಹಾಗಾದರೆ ನಿಯಮ ಬದಲಾಗಲೇಬಾರದೆ? ವ್ಯಾಪಾರದ ಆಟಗಳ ಇತಿಹಾಸವೇ ಇದಕ್ಕೆ ಬೇರೆ ಉತ್ತರ ನೀಡುತ್ತದೆ. ಮೊನಾಪಲಿಯ ತಾಯಿಬೇರು ಎಲಿಜಬೆತ್ ಮ್ಯಾಗಿ ಎಂಬ ಅಮೆರಿಕದ ಮಹಿಳೆ ರೂಪಿಸಿದ 'ದ ಲ್ಯಾಂಡ್‌ಲಾರ್ಡ್ಸ್ ಗೇಮ್'. ಅದಕ್ಕೆ ಆಕೆ ಪೇಟೆಂಟ್ ಪಡೆದದ್ದು 1904ರಲ್ಲಿ. ಭೂಮಿಯ ಬಾಡಿಗೆ ಕೆಲವರ ಜೇಬು ಸೇರಿದರೆ ಉಳಿದವರು ಹೇಗೆ ಬಡವರಾಗುತ್ತಾರೆ ಎಂಬ, ಅರ್ಥಶಾಸ್ತ್ರಜ್ಞ ಹೆನ್ರಿ ಜಾರ್ಜ್ ಅವರ ವಾದವನ್ನು ಮಕ್ಕಳಿಗೂ ತಿಳಿಯುವಂತೆ ತೋರಿಸುವುದು ಆಕೆಯ ಉದ್ದೇಶ.

ಮುಂದೆ ಈ ಆಟಕ್ಕೆ ಎರಡು ಬಗೆಯ ನಿಯಮಗಳು ಬಂದವು. ಒಂದರಲ್ಲಿ ಎಲ್ಲರನ್ನೂ ದಿವಾಳಿ ಎಬ್ಬಿಸಿದವನಿಗೆ ಗೆಲುವು. ಇನ್ನೊಂದರಲ್ಲಿ ಬಾಡಿಗೆ ಸಾರ್ವಜನಿಕ ಖಜಾನೆಗೆ ಸೇರುತ್ತದೆ, ಅತ್ಯಂತ ಬಡ ಆಟಗಾರನ ಹಣ ಇಮ್ಮಡಿಯಾದಾಗ ಎಲ್ಲರೂ ಗೆದ್ದಂತೆ. ಹಾಸು ಒಂದೇ, ದಾಳ ಒಂದೇ. ನಿಯಮ ಬದಲಾದರೆ ಸಮಾಜವೇ ಬದಲಾಗುತ್ತದೆ ಎಂಬುದು ಆಕೆ ಹೇಳಹೊರಟ ಮಾತು. ಜಗತ್ತು ಉಳಿಸಿಕೊಂಡದ್ದು ಮೊದಲ ನಿಯಮವನ್ನು ಮಾತ್ರ. 1935ರಲ್ಲಿ ಪಾರ್ಕರ್ ಬ್ರದರ್ಸ್ ಕಂಪನಿ ಮ್ಯಾಗಿ ಅವರ ಹಕ್ಕನ್ನು 500 ಡಾಲರಿಗೆ ಕೊಂಡಿತು. ಸ್ನೇಹಿತರಿಂದ ಆಟ ಕಲಿತು ತನ್ನದೆಂದು ಮಾರಿದ ಚಾರ್ಲ್ಸ್ ಡ್ಯಾರೋ ಲಕ್ಷಾಧೀಶನಾದ.

ಮ್ಯಾಗಿ ಅವರ ಆಟ ಹೇಳುವಂತೆ, ಅನ್ಯಾಯದ ನಿಯಮ ಬದಲಾಗಲೇಬೇಕು. ಚೀನಾದ ಏಕಸ್ವಾಮ್ಯ ಒಳ್ಳೆಯದಲ್ಲವೆಂದು ಅಮೆರಿಕವಾಗಲೀ ಭಾರತವಾಗಲೀ ತೀರ್ಮಾನಿಸಿದರೆ ತಪ್ಪೇನೂ ಇಲ್ಲ. ಆದರೆ ಯಾವ ನಿಯಮದಡಿ ಆಡುತ್ತೇವೆಂಬುದು ಆಕೆಯ ಆಟದಲ್ಲಿ ಕಾಯಿ ನಡೆಸುವ ಮುನ್ನ ಎಲ್ಲರಿಗೂ ತಿಳಿದಿರುತ್ತಿತ್ತು. ಸರ್ಕಾರಗಳಿಂದ ಉದ್ಯಮ ಕೇಳಬಹುದಾದದ್ದು ಇಷ್ಟೇ. ದರ ಹೆಚ್ಚಿರಲಿ, ಕಡಿಮೆ ಇರಲಿ, ಅದು ಎಂದಿನಿಂದ, ಎಷ್ಟು ಕಾಲ ಎಂಬುದು ಮೊದಲೇ ತಿಳಿಯಲಿ. ಹಡಗಿಗೆ ಏರಿದ ಸರಕಿಗೆ ಹಳೆಯ ನಿಯಮವೇ ಅನ್ವಯಿಸಲಿ. ಬದಲಾವಣೆಗೆ ಶಾಸನಸಭೆಯ ಮುದ್ರೆ ಇರಲಿ.

ಕೊಪ್ಪಳದಲ್ಲಿ ಅಚ್ಚು ಹಾಕಿಸುವ ಉದ್ಯಮಿಗೂ, ಚನ್ನಪಟ್ಟಣದಲ್ಲಿ ಅರಗಿನ ಬಣ್ಣ ಹಿಡಿಸುವ ಕುಶಲಕರ್ಮಿಗೂ, ಸೇಂಟ್ ಲೂಯಿಸ್‌ನ ಪ್ರಕಾಶಕನಿಗೂ ಈ ಬೇಡಿಕೆ ಒಂದೇ. ಮೇಜಿನ ಮೇಲೆ ಎಷ್ಟೇ ಕಠಿಣವಾದ ಆಟವನ್ನಾದರೂ ಜನ ಆಡುತ್ತಾರೆ, ಸೋತರೂ ಮರುದಿನ ಮತ್ತೆ ಬಂದು ಕೂರುತ್ತಾರೆ. ನಡುವೆ ನಿಯಮ ಬದಲಿಸುವವನ ಜೊತೆ ಮಾತ್ರ ಎರಡನೆಯ ಬಾರಿಗೆ ಯಾರೂ ಆಡಲು ಕೂರುವುದಿಲ್ಲ.